ಪ್ಲೇಟಿಗೊಂದು ಅಂಗಿ

ಕೋರ ಹೋಬಳಿ ಅಂದರೆ ಈಗಿನವರಿಗೆ ವಸಂತನರಸಾಪುರದ ಕಾರ್ಖಾನೆಗಳು. ನನಗೆ ಮಾತ್ರ ಹುಣಸೆಮರಕ್ಕೆ ಕಟ್ಟಿದ ಹಾರ್ನ್ ಸ್ಪೀಕರು. ಮದುವೆ ಮನೆಗೆ ಮೈಕ್‌ಸೆಟ್‌ನವನು ಸೈಕಲ್ಲಿನಲ್ಲಿ ಬರುತ್ತಿದ್ದ. ಕ್ಯಾರಿಯರ್ ಮೇಲೆ ಆಂಪ್ಲಿಫೈಯರ್, ಹ್ಯಾಂಡಲ್‌ಗೆ ತೂಗುಬಿಟ್ಟ ಚೀಲದಲ್ಲಿ ಪ್ಲೇಟುಗಳು. ರೆಕಾರ್ಡ್ ಅನ್ನುವವರು ನಮ್ಮ ಕಡೆ ಕಡಿಮೆ, ಎಲ್ಲರಿಗೂ ಅದು ಪ್ಲೇಟೇ. ಮಕ್ಕಳು ಪ್ಲೇಟು ಮುಟ್ಟಿದರೆ ಬೈಗುಳ ಗ್ಯಾರಂಟಿ, ಕವರು ಮುಟ್ಟಬಹುದಿತ್ತು. ಹಾಗಾಗಿ ರಾಜ್‌ಕುಮಾರ್ ಮುಖವನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಟೆಂಟ್ ಸಿನಿಮಾದಲ್ಲಲ್ಲ, ಏಳಿಂಚಿನ ಆ ಕವರಿನ ಮೇಲೆ.

ಹಳೆ ಪ್ಲೇಟು ಕೂಡಿಡುವ ಹುಚ್ಚು ಹತ್ತಿಸಿಕೊಂಡವರು ತುಮಕೂರಿನಲ್ಲೂ ಇದ್ದಾರೆ. ಅಂಥ ಗೆಳೆಯರೊಬ್ಬರನ್ನು, ಹಾಡೆಲ್ಲ ಮೊಬೈಲಿನಲ್ಲೇ ಸಿಗುವಾಗ ಇದೆಲ್ಲ ಯಾಕೆ ಸ್ವಾಮಿ, ಅಂತ ಕೇಳಿದೆ. ‘ಹಾಡು ಸಿಗುತ್ತೆ, ಅಂಗಿ ಸಿಗಲ್ವಲ್ಲ’ ಅಂದರು.

ಪ್ಲೇಟಿಗೆ ಅಂಗಿ ಬಂದದ್ದು ತಡವಾಗಿ. ಗೋಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಕಾಲದಿಂದ ಐವತ್ತರ ದಶಕದವರೆಗೂ ನಮ್ಮಲ್ಲಿ ಮೆರೆದದ್ದು ನಿಮಿಷಕ್ಕೆ 78 ಸುತ್ತಿನ ಅರಗಿನ ಪ್ಲೇಟು. (ಆ ಗೋಹರ್ ಜಾನ್ ಕಡೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ ತೀರಿಕೊಂಡದ್ದೂ ಅಲ್ಲೇ.) ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ, ಮಗ್ಗುಲು ಮುಗಿದರೆ ಹೊಸ ಮುಳ್ಳು. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ವೀರಣ್ಣನವರು ನಾಡೆಲ್ಲ ಸುತ್ತಿಸುತ್ತಿದ್ದ ಕಾಲ ಅದು. ಬೆಳಗಿನ ಜಾವದವರೆಗೆ ನಡೆಯುವ ಕಂಪನಿ ನಾಟಕಗಳ ರಂಗಗೀತೆ ಪ್ಲೇಟಿಗೆ ಬರಬೇಕಾದರೆ ಆಲಾಪ, ಒನ್ಸ್‌ಮೋರ್ ಎಲ್ಲ ಕತ್ತರಿಸಿ ಮೂರು ನಿಮಿಷಕ್ಕೆ ಇಳಿಯಬೇಕಿತ್ತು. ಪಾಂಡವರು ಅರಗಿನ ಮನೆಯಿಂದ ಪಾರಾದರು, ನಟರು ಅರಗಿನ ಪ್ಲೇಟಿನೊಳಗೆ ಸೇರಿಕೊಂಡರು.

ಅದಕ್ಕೆ ಹೊದಿಕೆ ಅಂದರೆ ಕಂದು ಕಾಗದದ ಚೀಲ, ನಡುವೆ ದುಂಡನೆಯ ತೂತು. ತೂತಿನೊಳಗಿಂದ ಕಹಳೆಯ ಮುಂದೆ ಕೂತ ನಾಯಿ ಇಣುಕುತ್ತಿತ್ತು. ಹಾಡಿದವರ ಮುಖ ಹೇಗಿತ್ತೋ, ಕೇಳುಗ ಊಹಿಸಿಕೊಳ್ಳಬೇಕು. ಇಂಥ ಚೀಲಗಳನ್ನು ಪುಸ್ತಕದಂತೆ ಹೊಲಿದು ರಟ್ಟು ಹಾಕಿದ್ದಕ್ಕೇ ಆಲ್ಬಂ ಅನ್ನುತ್ತಿದ್ದರು. ಜಯಚಾಮರಾಜ ಒಡೆಯರು ರಷ್ಯನ್ ಸಂಗೀತಗಾರ ಮೆಟ್ನರ್‌ನ ಕೃತಿಗಳನ್ನು ನಲವತ್ತರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಮುದ್ರಣ ಮಾಡಿಸಿದಾಗ ಅವು ಹೊರಬಂದದ್ದು ಇಂಥ ಆಲ್ಬಂಗಳಾಗಿಯೇ.

ಚಿತ್ರದ ಕವರು ಮನೆಮನೆಗೆ ಬಂದದ್ದು ವಿನೈಲ್ ಜತೆ: ನಾಲ್ಕು ಹಾಡಿನ ಏಳಿಂಚಿನ ಇಪಿ, ಹನ್ನೆರಡಿಂಚಿನ ಎಲ್‌ಪಿ. ಕವರಿನ ಮಾತೆತ್ತಿದರೆ ಹೊರನಾಡಿನ ಸಂಗ್ರಾಹಕರು ಅಮೆರಿಕದ ಕಪ್ಪು ಜನರ ಸೋಲ್ ಸಂಗೀತಕ್ಕೆ ಬಂದೇ ಬರುತ್ತಾರೆ. ಐಸಾಕ್ ಹೇಯ್ಸ್‌ನ 1969ರ ‘ಹಾಟ್ ಬಟರ್ಡ್ ಸೋಲ್’ ಕವರಿನ ತುಂಬ ಅವನ ಬೋಳುತಲೆ. ಒಳಗಿರುವುದು ನಾಲ್ಕೇ ಹಾಡು. 1971ರ ‘ಬ್ಲಾಕ್ ಮೋಸೆಸ್’ ಕವರನ್ನು ಮಡಿಕೆ ಬಿಚ್ಚುತ್ತ ಹೋದರೆ ಅವನ ಆಳುದ್ದದ ಚಿತ್ರ ಶಿಲುಬೆಯಾಕಾರದಲ್ಲಿ ತೆರೆದುಕೊಳ್ಳುತ್ತದೆ. ಅದೇ ವರ್ಷದ ‘ವಾಟ್ಸ್ ಗೋಯಿಂಗ್ ಆನ್’ ಮೇಲೆ ಮಾರ್ವಿನ್ ಗೇ ಕಾಲರ್ ಎತ್ತಿಕೊಂಡು ನಿಂತಿದ್ದಾನೆ, ಕೂದಲ ಮೇಲೆ, ಕೋಟಿನ ಮೇಲೆ ಹನಿಗಳು. ಯುದ್ಧ, ಬಡತನ, ಕೆಟ್ಟ ಗಾಳಿಯ ಬಗ್ಗೆ ಒಳಗೆ ಹಾಡಿರುವವನು ಇವನೇ ಅಂತ ಆ ಮುಖ ನೋಡಿದರೇ ಗೊತ್ತಾಗುತ್ತದೆ.

ನಮ್ಮ ಕವರುಗಳಲ್ಲಿ ನನಗಿರುವ ತಕರಾರು ಇಲ್ಲೇ. ಮುಂದೆ ನಾಯಕ, ನಾಯಕಿ, ಕೈಬರಹದಲ್ಲಿ ಕೊಬ್ಬಿದ ಅಕ್ಷರಗಳು, ಬಣ್ಣ ಬಳಿದ ಸ್ಟಿಲ್ಲು. ಹಾಡಿದ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣಗೆ. ದನಿ ಒಬ್ಬರದು, ಮುಖ ಇನ್ನೊಬ್ಬರದು. ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರಲ್ಲಿ ವೀರಣ್ಣನವರದೇ ಸಂಸ್ಥೆಯ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕರಾದ ರಾಜ್‌ಕುಮಾರ್, 1974ರ ‘ಸಂಪತ್ತಿಗೆ ಸವಾಲ್’ ಆದ ಮೇಲೆ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅಲ್ಲಿಗೆ ಅವರ ಕವರುಗಳ ಮಟ್ಟಿಗೆ ಮುಖ, ದನಿ ಕೂಡಿಬಂದವು.

ಕೂಡಿಡುವುದಕ್ಕೂ ಶಿಸ್ತು ಬೇಕು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬಾರದು, ಪುಸ್ತಕದ ಹಾಗೆ ನಿಲ್ಲಿಸಿಡಬೇಕು. ಅರಗಿನ ಪ್ಲೇಟಿಗೆ ಸ್ಪಿರಿಟ್ ತಾಗಿಸಲೇಬಾರದು, ಅರಗು ಕರಗಿಹೋಗುತ್ತದೆ. ವಿನೈಲ್‌ಗೆ ಬಿಸಿಲೇ ಶತ್ರು. ನಮ್ಮತ್ತೆ ಗೀರುಬಿದ್ದ ಪ್ಲೇಟನ್ನು ಕುದಿನೀರಿಗೆ ಅದ್ದಿ, ಅಂಚು ಎತ್ತಿ, ಹೂವಿನ ಬಟ್ಟಲು ಮಾಡಿ ಶೋಕೇಸಿನಲ್ಲಿಟ್ಟಿದ್ದರು. ಇನ್ನು ಕವರಿಗೆ ಗೆದ್ದಲು, ತೇವ, ಎಲ್ಲಕ್ಕಿಂತ ಹೆಚ್ಚಾಗಿ ಸೆಲ್ಲೋಟೇಪು.

ಹೊರಗಿನ ಸಂಗ್ರಾಹಕರು ಗೆರೆ ಬೀಳದ ಕವರಿಗೆ ಪ್ರಾಣ ಬಿಡುತ್ತಾರೆ. ನಮ್ಮ ಗೆಳೆಯರದು ಉಲ್ಟಾ. ಮೈಕ್‌ಸೆಟ್‌ನವರ ಕೈಯಲ್ಲಿ ಸವೆದ ಕವರೇ ಬೇಕು. ಅಂಥದ್ದೊಂದನ್ನು ನನ್ನ ಕೈಗಿಟ್ಟರು. ನಾಯಕಿಯ ಕೆನ್ನೆಯ ಮೇಲೆ ಅರಿಶಿನದ ಬೆರಳಚ್ಚು. ಮೂಲೆಯಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ‘43’. ಹಿಂದೆ ಹಾಡುಗಳ ಪಟ್ಟಿಯಲ್ಲಿ ಒಂದರ ಮುಂದೆ ‘ಧಾರೆ’ ಅಂತ, ಇನ್ನೊಂದರ ಮುಂದೆ ‘ಹಾಕಬೇಡಿ’ ಅಂತ. ಅದು ವಿರಹದ ಹಾಡು. ಮದುವೆ ಮನೆಯಲ್ಲಿ ಅದನ್ನು ಹಾಕಿ ಯಾರ ಕೈಲೋ ಬೈಸಿಕೊಂಡಿರಬೇಕು.

ಪ್ಲೇಟು ಹೊರಗೆಳೆದು ನೋಡಿದೆ. ಬೇರೆ ಯಾವುದೋ ಸಿನಿಮಾದ್ದು. ಯಾವ ಚಪ್ಪರದಡಿ ಅದಲುಬದಲಾಯಿತೋ. ಸರಿಯಾದ್ದು ಹುಡುಕಿ ಇಡಬಾರದೇ ಅಂದೆ. ‘ಇಪ್ಪತ್ತು ವರ್ಷದಿಂದ ಹೀಗೇ ಇಟ್ಟಿದೀನಿ’ ಅಂತ ಅದೇ ಪ್ಲೇಟನ್ನು ಅದೇ ಕವರಿಗೆ ತೂರಿಸಿ ಸಾಲಿಗೆ ಸೇರಿಸಿದರು.