ಬ್ರಷ್ ಪೆನ್ನು, ಅಪ್ಪ ಮತ್ತು ಎರಡು ನಿಮಿಷ

ಬ್ಯಾಂಕಿನಲ್ಲಿ ಅಪ್ಪನ ಸಹಿ ಹೊಂದಲಿಲ್ಲ. ಕೌಂಟರಿನ ಹುಡುಗ ಮೂರು ಸಲ ಹಾಕಿಸಿದ, ಮೂರೂ ಬೇರೆ ಬೇರೆ ಥರ ಬಂದವು. ಕೊನೆಗೆ ಸ್ಟ್ಯಾಂಪ್ ಪ್ಯಾಡ್ ಮುಂದೆ ತಳ್ಳಿ, ‘ಹೆಬ್ಬೆಟ್ಟು ಒತ್ತಿಬಿಡ್ರಿ ಅಜ್ಜಾರ’ ಅಂದ. ಅಪ್ಪ ಒತ್ತಿದ. ಹೊರಗೆ ಬಂದು ಕರವಸ್ತ್ರಕ್ಕೆ ಬೆರಳು ಒರೆಸಿಕೊಂಡ. ಮನೆ ಮುಟ್ಟುವವರೆಗೂ ಒಂದು ಮಾತಿಲ್ಲ.

ಇದೇನು ಅಷ್ಟು ದೊಡ್ಡ ವಿಷಯ ಅನ್ನಬೇಡಿ. ನಮ್ಮಪ್ಪ ಬೋರ್ಡ್ ಬರೆಯುತ್ತಿದ್ದ ಪೇಂಟರ್. ಕುಮಾರಪಟ್ಟಣ, ಹೊಳೆಯಾಚೆಯ ಹರಿಹರ, ಈ ಕಡೆ ರಾಣೆಬೆನ್ನೂರು... ಕಿರಾಣಿ ಅಂಗಡಿಯಿಂದ ಲಾರಿಯ ಹಿಂಬದಿಯವರೆಗೆ ಅವನ ಅಕ್ಷರ ಇರುತ್ತಿತ್ತು. ಫ್ಲೆಕ್ಸ್ ಬಂದು ಕೆಲಸ ತಿಂದಿತು. ಹೋದ ವರ್ಷ ಲಕ್ವಾ ಹೊಡೆದು ಬಲಗೈ ಸೋತಿತು. ಅಂಥವನ ಕೈಯಲ್ಲಿ ಹೆಬ್ಬೆಟ್ಟು!

ನಾನು ಬೆಂಗಳೂರಿನಲ್ಲಿ ಆ್ಯಪ್‌ಗಳ ಸ್ಕ್ರೀನ್ ಡಿಸೈನ್ ಮಾಡುವವಳು. ವರ್ಕ್ ಫ್ರಮ್ ಹೋಮ್ ಕೇಳಿಕೊಂಡು ಊರಿಗೆ ಬಂದಿದ್ದೆ. ಬ್ಯಾಗಿನ ಮೂಲೆಯಲ್ಲಿ ಒಂದು ಬ್ರಷ್ ಪೆನ್ನಿತ್ತು. ಯಾವುದೋ ಆಫರ್‌ನಲ್ಲಿ ತಗೊಂಡು, ಮುಚ್ಚಳ ತೆಗೆಯದೇ ಇಟ್ಟಿದ್ದು.

ಗೊತ್ತಿಲ್ಲದವರಿಗೆ: ಇದು ಪೆನ್ನಿನ ಹೊಟ್ಟೆಯಲ್ಲೇ ಮಸಿ ಇರುವ ಕುಂಚ. ಜಪಾನಿನ ಕುರೆಟಾಕೆ ಕಂಪನಿ 1973ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು, ಮಸಿ ಅರೆಯುತ್ತ ಕೂರದೆ ಕುಂಚದಲ್ಲಿ ಬರೆಯಲಿ ಅಂತ. ಎರಡು ಜಾತಿ ಸಿಗುತ್ತವೆ. ಸ್ಕೆಚ್ ಪೆನ್ನಿನ ಹಾಗೆ ಮೆತ್ತನೆ ಮೊನೆಯದು ಸುಲಭ, ಅಗ್ಗ. ನೈಲಾನ್ ಕೂದಲಿನದು ನಿಜವಾದ ಕುಂಚದಂತೆ: ಮೆಲ್ಲಗೆ ತಾಗಿಸಿದರೆ ಕೂದಲೆಳೆ, ಒತ್ತಿದರೆ ಬೆರಳಗಲ. ನನ್ನದು ಎರಡನೆಯದು. ಅಳಿಸುವ ಮಾತೇ ಇಲ್ಲ. ದಿನವಿಡೀ ಕಂಟ್ರೋಲ್-ಝಡ್ ಒತ್ತುವ ನನ್ನಂಥವಳಿಗೆ ಅದೇ ಭಯ.

ಒಂದು ಸಂಜೆ ಅಪ್ಪನನ್ನು ತುಂಗಭದ್ರೆಯ ದಂಡೆಗೆ ಕರೆದುಕೊಂಡು ಹೋದೆ. ನೀರಲ್ಲಿ ಎಮ್ಮೆಗಳಿದ್ದವು. ನಾನು ಕಷ್ಟಪಟ್ಟು ಒಂದು ಕೊಂಬು ಮುಗಿಸುವಷ್ಟರಲ್ಲಿ ಎಮ್ಮೆ ಎದ್ದು ಹೋಯಿತು. ಅಪ್ಪ ಅಷ್ಟೂ ಹೊತ್ತು ನೋಡುತ್ತ ಕೂತಿದ್ದವ, ‘ಯವ್ವಾ, ಬರೇ ಹಾಳಿ ನೋಡಾಕತ್ತೀಯಲ್ಲ, ಎಮ್ಮಿ ಯಾವಾಗ ನೋಡ್ತೀ?’ ಅಂದ.

ಬ್ಯಾಂಕಿನಿಂದ ಬಂದ ಮೇಲೆ ಅವನು ಆಡಿದ ಮೊದಲ ಉದ್ದನೆಯ ಮಾತು ಅದು. ಹಂಗಾಗಿ ಬೈಸಿಕೊಳ್ಳಲಿಕ್ಕೇ ದಿನಾ ಹೋಗತೊಡಗಿದೆ. ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಟೈಮರ್. ಪೆನ್ಸಿಲ್ ಇಲ್ಲ. ಅಪ್ಪ ಹೇಳಿಕೊಟ್ಟಿದ್ದು ಬೋರ್ಡಿನ ಪಾಠವೇ. ಪೆನ್ನು ಮೊನೆಯ ಹತ್ತಿರ ಹಿಡಿಯಬಾರದು, ಹಿಂದಕ್ಕೆ ಹಿಡಿಯಬೇಕು. ಮಣಿಕಟ್ಟಿನಿಂದಲ್ಲ, ಭುಜದಿಂದ ಎಳೆಯಬೇಕು. ಗೆರೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಕಣ್ಣು ಮೊದಲೇ ಹೋಗಿ ನೋಡಿರಬೇಕು. ‘ಬೆನ್ನಿನ ಗೆರಿ ಮೊದಲ ಹಿಡಿ. ಕೊಂಬು ಎಲ್ಲಿ ಹೊಕ್ಕಾವು?’

ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೆಟ್ಟಿನಲ್ಲಿ ಹುಡುಕಿ ಅಪ್ಪನಿಗೆ ತೋರಿಸಿದೆ. ಲಯ ತಿಳಿಯಲೆಂದು ಕಥಕ್ ಕಲಿತ ಚಿತ್ರಕಾರ ಅವರು. 1964ರಲ್ಲಿ ಬಂದ ಅವರ ರೇಖೆಗಳ ಪುಸ್ತಕದ ಹೆಸರೇ ‘ದಿ ಸಿಂಗಿಂಗ್ ಲೈನ್’, ಹಾಡುವ ಗೆರೆ. ಅಪ್ಪ ಫೋನನ್ನು ಹತ್ತಿರ ದೂರ ಹಿಡಿದು ನೋಡಿದ. ‘ಕೈ ಎತ್ತಿಲ್ಲ ನೋಡು ಪುಣ್ಯಾತ್ಮ’ ಎಂದ. ಅವನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಮಳೆ ಬಂದ ದಿನ ಅಡುಗೆಮನೆಯೇ ಗತಿ. ಅವ್ವ ಮೊರದಲ್ಲಿ ಬ್ಯಾಡಗಿ ಮೆಣಸಿನಕಾಯಿ ಹರವಿದ್ದಳು. ಬಣ್ಣಕ್ಕೇ ಹೆಸರಾದ ಕಾಯಿಯನ್ನು ಕರಿ ಮಸಿಯಲ್ಲಿ ಬರೆಯುವುದು ಹೆಂಗೆ? ನಾನು ಸುತ್ತಲೂ ಗೆರೆ ಎಳೆದು ಒಳಗೆ ಕಪ್ಪು ತುಂಬಿದೆ, ಇದ್ದಲಿನ ಚೂರಿನ ಹಾಗೆ ಕಂಡಿತು. ಬ್ಯಾಡಗಿ ಕಾಯಿಯ ಗುರುತು ಅದರ ಸುಕ್ಕು. ಆಮೇಲೆ ತಿಳಿದಿದ್ದು: ಮೊನೆಯನ್ನು ರದ್ದಿ ಪೇಪರಿಗೆ ಒತ್ತಿ ಮಸಿ ಇಳಿಸಿ, ಕುಂಚ ಅರೆ ಒಣಗಿದಾಗ ಅಡ್ಡ ಮಲಗಿಸಿ ಸರ್ರನೆ ಎಳೆದರೆ ಗೆರೆ ಒಡೆದು ಒಡೆದು ಬರುತ್ತದೆ. ನಡುವೆ ಉಳಿದ ಬಿಳಿಯೇ ಸುಕ್ಕು. ತುಸು ಒರಟು ಹಾಳೆ ಬೇಕು. ನುಣುಪು ಹಾಳೆಯಲ್ಲಿ ಗೆರೆ ಒಡೆಯುವುದಿಲ್ಲ, ತೆಳು ನೋಟ್‌ಬುಕ್ಕಿನಲ್ಲಿ ಮಸಿ ಹಿಂದಕ್ಕೆ ಇಳಿಯುತ್ತದೆ. (ಹೊಸ ಕುರ್ತಾ ಹಾಕಿಕೊಂಡು ಮಾತ್ರ ಕೂರಬೇಡಿ. ನೀರಿಗೆ ಜಗ್ಗದ ಮಸಿ ಸಾಬೂನಿಗೂ ಜಗ್ಗುವುದಿಲ್ಲ.)

ಪೆನ್ನು ಅಪ್ಪನ ಕೈಗೆ ಹೋಗಿದ್ದು ಹೆಂಗೆ ಅಂತ ಸರಿಯಾಗಿ ಹೇಳಲಾರೆ. ನಾನು ಚಹಾಕ್ಕೆ ಎದ್ದು ಹೋಗಿದ್ದೆ. ಬರುವಷ್ಟರಲ್ಲಿ ಬಲಗೈಯಲ್ಲಿ ಹಿಡಿದಿದ್ದ, ಎಡಗೈ ಅದರ ಕೆಳಗೆ ಆಸರೆ ಕೊಟ್ಟಿತ್ತು. ಫಿಸಿಯೋಥೆರಪಿಯ ರಬ್ಬರ್ ಚೆಂಡು ಕೊಟ್ಟರೆ ಮೂಲೆಗೆ ಎಸೆಯುತ್ತಿದ್ದ ಮನುಷ್ಯ. ಬಾಲ್ ಪೆನ್ನನ್ನು ಬಿಗಿಯಾಗಿ ಹಿಡಿದು ಒತ್ತಬೇಕು, ಅದು ಅವನಿಗೆ ಆಗುತ್ತಿರಲಿಲ್ಲ. ಕುಂಚ ಹಾಳೆಗೆ ತಾಗಿದರೆ ಸಾಕು, ಮಸಿ ಬಿಡುತ್ತದೆ. ನಡುಕವೂ ಅಷ್ಟೇ ಸಲೀಸಾಗಿ ಮೂಡುತ್ತದೆ, ಅದು ಬೇರೆ ಮಾತು. ಮೊದಲ ವಾರ ಬರೀ ಅಡ್ಡಗೆರೆ. ಎರಡು ಸಲ ಪೆನ್ನು ಎಸೆದ. ಒಮ್ಮೆ ಅವ್ವನ ಮೇಲೆ ಸಿಟ್ಟು ಮಾಡಿದ, ಆಕೆ ಮಾಡಿದ್ದಿಷ್ಟೇ, ಚೆಂದ ಐತಿ ಅಂದಿದ್ದಳು.

ನಮ್ಮೂರ ಫ್ಯಾಕ್ಟರಿಗೆ ನೀಲಗಿರಿ ಕಟ್ಟಿಗೆ ಹೊತ್ತ ಲಾರಿಗಳು ಬರುತ್ತವೆ. ಹೊರಗಿನವರು ಕಾಗದಕ್ಕೆ ಅಂದುಕೊಳ್ಳುತ್ತಾರೆ. ಆ ಕಟ್ಟಿಗೆಯ ತಿರುಳಿನಿಂದ ಆಗುವುದು ಬಟ್ಟೆಯ ನಾರು. ಒಂದು ಬೆಳಿಗ್ಗೆ ರಸ್ತೆ ಬದಿ ನಿಂತಿದ್ದ ಅಂಥದೊಂದು ಲಾರಿಯನ್ನು ಅಪ್ಪ ಹಿಂದಿನಿಂದ ಬರೆದ. ಟೈಮರ್ ಎರಡು ಸಲ ಕೂಗಿತು, ನಾನೇ ಬಂದ್ ಮಾಡಿದೆ. ಹಾಳೆ ತುಂಬ ಕಟ್ಟಿಗೆಯ ತುದಿಗಳು, ಒಂದೂ ಸರಿಯಾದ ವೃತ್ತವಲ್ಲ. ನಾನು ಏನೋ ಸಮಾಧಾನ ಹೇಳಹೊರಟೆ.

‘ಕಟ್ಟಿಗಿ ಯಾವಾಗ ದುಂಡಗ ಇರತಾವ?’ ಅಂದ.

ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಮಗಳು ಅಂತ ಹೇಳುತ್ತಿಲ್ಲ, ಹತ್ತು ವರ್ಷ ಡಿಸೈನ್ ಕೆಲಸ ಮಾಡಿದವಳಾಗಿ ಹೇಳುತ್ತಿದ್ದೇನೆ. ನನ್ನ ಗೆರೆಗಿಲ್ಲದ ಜೀವ ಆ ನಡುಕದ ಗೆರೆಗಿತ್ತು. ಲಾರಿಯ ಹಲಗೆಯ ಮೇಲೆ ಅಕ್ಷರ ಬರುವ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದ.

ಹೋದ ವಾರ ಹೊಸ ಸಹಿ ನಮೂದಿಸುವ ಫಾರ್ಮ್ ತಂದಿಟ್ಟೆ. ಮೂರು ಖಾನೆ, ಮೂರೂ ಒಂದೇ ಥರ ಬರಬೇಕು. ಬ್ರಷ್ ಪೆನ್ನಿನ ಸಹಿ ನಡೆಯುತ್ತದೋ ಇಲ್ಲವೋ ಕೇಳಿಲ್ಲ, ಕೇಳಿದರೆ ಇಲ್ಲ ಅಂದುಬಿಡುತ್ತಾರೆ. ನಿನ್ನೆ ರಾತ್ರಿ ಅಪ್ಪ ಎರಡು ಖಾನೆ ತುಂಬಿದ. ಎರಡನ್ನೂ ದೀಪದ ಹತ್ತಿರ ಹಿಡಿದು ಹೋಲಿಸಿ, ‘ಇನ್ನೊಂದು ನಾಳಿಗೆ’ ಅಂದು ಮುಚ್ಚಳ ಹಾಕಿದ.