ಇಂಟರ್ ಮೆಮೊಗೆ ಮೂರು ಬೆಲೆ

ಹೈದರಾಬಾದಿಗೆ ಹೊಸದಾಗಿ ಬಂದ ಕನ್ನಡದ ಅಪ್ಪ ಅಮ್ಮಂದಿರು ಜೂನಿಯರ್ ಕಾಲೇಜಿನಲ್ಲಿ ಮೊದಲು ಕೇಳುವುದು, ‘ಪಿಸಿಎಂಬಿ ಇದೆಯಾ?’ ಅಂತ. ಗುಮಾಸ್ತ ಮುಖ ಮುಖ ನೋಡುತ್ತಾನೆ. ನಮ್ಮ ಪಿಯುಸಿಯಲ್ಲಿ ಗಣಿತ, ಜೀವಶಾಸ್ತ್ರ ಎರಡನ್ನೂ ತೆಗೆದುಕೊಂಡು ‘ಡಾಕ್ಟರೋ ಎಂಜಿನಿಯರೋ ಆಮೇಲೆ ನೋಡೋಣ’ ಎನ್ನಬಹುದು. ತೆಲಂಗಾಣದ ಇಂಟರ್‌ನಲ್ಲಿ ಆ ಸೌಕರ್ಯವಿಲ್ಲ. ಎಂಪಿಸಿ ಎಂದರೆ ಗಣಿತ, ಭೌತ, ರಸಾಯನ. ಬೈಪಿಸಿಯಲ್ಲಿ ಗಣಿತದ ಜಾಗಕ್ಕೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಎಂಇಸಿ, ಸಿಇಸಿ, ಎಚ್‌ಇಸಿ ವಾಣಿಜ್ಯ ಮತ್ತು ಕಲೆಯವರಿಗೆ. ಬೈಪಿಸಿ ಎಂದು ಬರೆಸಿದ ದಿನವೇ ಕಂಪ್ಯೂಟರ್ ಎಂಜಿನಿಯರಿಂಗ್‌ನ ಆಸೆ ಬಿಟ್ಟ ಹಾಗೆ. ಇಷ್ಟು ಗೊತ್ತಿದ್ದರೆ ಗ್ರೂಪಿನ ಮಾತು ಮುಗಿಯಿತು.

ಜನ ಎಡವುವುದು ಇಲ್ಲಲ್ಲ, ಅಂಕದ ಬೆಲೆಯಲ್ಲಿ. ಇಂಟರ್ ಅಂಕಪಟ್ಟಿಯನ್ನು ಇಲ್ಲಿ ಮೆಮೊ ಎನ್ನುತ್ತಾರೆ. ಒಂದೇ ಮೆಮೊಗೆ ಮೂರು ಸಂತೆಯಲ್ಲಿ ಮೂರು ಬೆಲೆ.

ಮೊದಲನೆಯ ಸಂತೆ ರಾಜ್ಯದ ಪ್ರವೇಶ ಪರೀಕ್ಷೆ ಇಎಪಿಸೆಟ್. ಊರಿನವರ ಬಾಯಲ್ಲಿ ಇಂದಿಗೂ ಎಂಸೆಟ್ಟೇ. ಎಂಜಿನಿಯರಿಂಗ್‌ಗೆ 160 ಪ್ರಶ್ನೆ: ಗಣಿತ 80, ಭೌತ 40, ರಸಾಯನ 40. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಿಂದೆ ರ‍್ಯಾಂಕಿನಲ್ಲಿ ಇಂಟರ್ ಅಂಕಕ್ಕೆ ಶೇ 25ರ ಪಾಲಿತ್ತು. 2023ರಲ್ಲಿ ಅದನ್ನು ಕಾಯಂ ತೆಗೆದುಹಾಕಿದರು. ಈಗ ಗ್ರೂಪಿನ ವಿಷಯಗಳಲ್ಲಿ ಶೇ 45 (ಮೀಸಲು ವರ್ಗಕ್ಕೆ ಶೇ 40) ಬಂದರೆ ಹೊಸ್ತಿಲು ದಾಟಿದಿರಿ. ಅದರ ಮೇಲೆ ಬಂದ ಅಂಕಕ್ಕೆ ರ‍್ಯಾಂಕಿನಲ್ಲಿ ಕವಡೆಯ ಬೆಲೆಯಿಲ್ಲ.

ಎರಡನೆಯದು ಐಐಟಿ, ಎನ್‌ಐಟಿ. ಅಲ್ಲಿಯೂ ರ‍್ಯಾಂಕು ಜೆಇಇಯದೇ, ಆದರೆ ಹೊಸ್ತಿಲು ಎತ್ತರ. ಶೇ 75 (ಪರಿಶಿಷ್ಟರಿಗೆ ಶೇ 65) ಬೇಕು, ಇಲ್ಲವೇ ಬೋರ್ಡಿನ ಮೇಲಿನ ಶೇ 20ರ ಗುಂಪಿನಲ್ಲಿರಬೇಕು. ಈ ಲೆಕ್ಕಕ್ಕೆ ಭಾಷೆಯ ಅಂಕವೂ ಸೇರುತ್ತದೆ ಎಂದರೆ ಎಂಪಿಸಿ ಹುಡುಗರು ನಂಬುವುದೇ ಇಲ್ಲ. ಅವರ ಮೆಮೊವನ್ನೇ ಬಿಡಿಸಿ ನೋಡಿ. ಎರಡು ವರ್ಷದ 1000 ಅಂಕಗಳಲ್ಲಿ ಗಣಿತಕ್ಕೆ 300, ಭೌತ, ರಸಾಯನಕ್ಕೆ ತಲಾ 150. ಉಳಿದ 400 ಇಂಗ್ಲಿಷು ಮತ್ತು ಎರಡನೆಯ ಭಾಷೆಯದು! ಕೋಚಿಂಗಿನ ಭರಾಟೆಯಲ್ಲಿ ಭಾಷೆಯ ತರಗತಿಗೆ ಚಕ್ಕರ್ ಹೊಡೆಯುವವರು ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದುಕೊಳ್ಳಲಿ.

ಮೂರನೆಯ ಸಂತೆ ನಮ್ಮ ಕರ್ನಾಟಕದ ಸಿಇಟಿ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಸಿಇಟಿ ಅಂಕ, ಇನ್ನರ್ಧ ಹನ್ನೆರಡನೆಯ ತರಗತಿಯ ಭೌತ, ರಸಾಯನ, ಗಣಿತದ ಅಂಕ. ಇಲ್ಲಿ ಮೆಮೊ ಅಂದರೆ ಬಂಗಾರ.

ಹಾಗಾದರೆ ಯಾವ ಮಗು ಯಾವ ಸಂತೆಗೆ ಹೋಗಬಹುದು? ಇದು ನನಗೆ ಬಲು ಇಷ್ಟದ ಭಾಗ, ಕೇಳುವವರು ಹಣೆ ಚಚ್ಚಿಕೊಳ್ಳುವ ಭಾಗವೂ ಹೌದು. ತೆಲಂಗಾಣದಲ್ಲಿ ಶೇ 85 ಸೀಟು ಸ್ಥಳೀಯರಿಗೆ. ಇದರ ಬೇರು 1974ರ ರಾಷ್ಟ್ರಪತಿ ಆದೇಶದಲ್ಲಿದೆ. ಮಿಯಾಪುರದಲ್ಲಿ ಫ್ಲ್ಯಾಟ್ ಕೊಂಡಿದ್ದೇವೆ, ಆಧಾರ್‌ನಲ್ಲಿ ಇಲ್ಲಿಯದೇ ವಿಳಾಸವಿದೆ, ಆದ್ದರಿಂದ ನಾವು ಸ್ಥಳೀಯರು ಎಂದು ಹಲವರು ನಂಬಿದ್ದಾರೆ. ನಿಯಮ ಮೊದಲು ನೋಡುವುದು ಮಗು ಓದಿದ ಶಾಲೆಯನ್ನು. ಇಂಟರ್ ಎರಡನೆಯ ವರ್ಷದಿಂದ ಹಿಂದಕ್ಕೆ ಸತತ ನಾಲ್ಕು ವರ್ಷ ಇಲ್ಲಿ ಓದಿರಬೇಕು. ಬೆರಳು ಮಡಚಿ ಎಣಿಸಿದರೆ ಒಂಬತ್ತನೆಯ ತರಗತಿಗೆ ಬಂದು ನಿಲ್ಲುತ್ತೀರಿ. ವೈದ್ಯಕೀಯ ಸೀಟಿನ ಇಂಥದೇ ನಾಲ್ಕು ವರ್ಷದ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ಎತ್ತಿಹಿಡಿಯಿತು.

ಈಗ ಒಂದನೆಯ ತರಗತಿಯಿಂದ ಎಸ್ಸೆಸ್ಸೆಲ್ಸಿವರೆಗೆ ರಾಯಚೂರಿನಲ್ಲೇ ಓದಿ, ಇಂಟರ್‌ಗೆಂದು ಕೂಕಟಪಲ್ಲಿಯ ಹಾಸ್ಟೆಲ್ ಸೇರಿದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಎರಡೇ ವರ್ಷ ಓದಿದ್ದರಿಂದ ಅವಳಿಗೆ ಇಲ್ಲಿ ಸ್ಥಳೀಯ ಪಟ್ಟವಿಲ್ಲ. ಕರ್ನಾಟಕ ಕೇಳುವುದು ಒಂದರಿಂದ ಹನ್ನೆರಡರೊಳಗೆ ಯಾವುದಾದರೂ ಏಳು ವರ್ಷದ ಓದು, ಜೊತೆಗೆ ಹತ್ತನೆಯದೋ ಹನ್ನೆರಡನೆಯದೋ ಅಲ್ಲಿ ಪಾಸಾಗಿರುವುದು. ಎರಡೂ ಅವಳ ಹತ್ತಿರ ಇವೆ, ಸಿಇಟಿ ಅವಳದೇ. ಪಕ್ಕದ ಬೆಂಚಿನ ಸ್ಥಳೀಯ ಗೆಳತಿ ‘ಇಂಟರ್‌ನಲ್ಲಿ ಶೇ 45 ಬಂದರೆ ಸಾಕು ಕಣೇ, ಎಂಸೆಟ್ ಓದು’ ಎಂದರೆ, ಗೆಳತಿಯ ಮಟ್ಟಿಗೆ ಅದು ನಿಜ. ಇವಳು ಆ ಮಾತು ಕೇಳಿದರೆ ಅರ್ಧ ರ‍್ಯಾಂಕು ಹೋಯಿತು. ಒಂದೇ ಕೋಣೆ, ಒಂದೇ ಪುಸ್ತಕ, ಬೇರೆ ಬೇರೆ ವೇಳಾಪಟ್ಟಿ.

ಇಲ್ಲಿಯೇ ಒಂದನೆಯ ತರಗತಿಯಿಂದ ಬೆಳೆದ ಮಗುವಿನ ಕಥೆ ಇದಕ್ಕೆ ತಿರುವುಮುರುವು. ಸ್ಥಳೀಯ ಪಟ್ಟ ಇದೆ, ಕರ್ನಾಟಕದ ಏಳು ವರ್ಷ ಇಲ್ಲ. ಆದರೂ ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿದ್ದರೆ ಹೊರನಾಡ ಕನ್ನಡಿಗರ ದಾರಿ ತೆರೆದಿದೆ. ಅದಕ್ಕೆ 50 ಅಂಕದ ಕನ್ನಡ ಪರೀಕ್ಷೆ ಬರೆಯಬೇಕು. ಪ್ರಾಥಮಿಕ ಶಾಲೆಯ ಮಟ್ಟದ್ದು. ಕಾಚಿಗುಡದ ನೃಪತುಂಗ ಶಾಲೆಯಂಥ ಕಡೆ ಓದಿದವರಿಗೆ ನೀರು ಕುಡಿದಷ್ಟು ಸಲೀಸು. ಮನೆಯಲ್ಲಿ ಅರಳು ಹುರಿದಂತೆ ಮಾತಾಡಿ, ‘ಳ’ ಬರೆಯಲು ಪೆನ್ನು ಕಚ್ಚುವ ಮಕ್ಕಳಿಗೆ ಇದೇ ದೊಡ್ಡ ಬೆಟ್ಟ.

ಆರನೆಯ ತರಗತಿಯಿಂದ ಇಂಟರ್‌ವರೆಗಿನ ವ್ಯಾಸಂಗ ಪ್ರಮಾಣಪತ್ರಗಳನ್ನು ಇಎಪಿಸೆಟ್ ಕೌನ್ಸೆಲಿಂಗಿನಲ್ಲಿ ಕೇಳುತ್ತಾರೆ. ಶಾಲೆ ಬಿಡುವಾಗಲೇ ತೆಗೆದಿಟ್ಟುಕೊಳ್ಳಿ. ನಿಯಮಗಳು ಮಾತ್ರ ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತವೆ. ಈ ಬರಹವನ್ನೇ ನಂಬಿ ಕೂರಬೇಡಿ. ಮಗು ಎಂಟನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಮೂರೂ ಪರೀಕ್ಷೆಗಳ ಆ ವರ್ಷದ ಮಾಹಿತಿ ಪುಸ್ತಿಕೆ ತೆರೆದು, ಅರ್ಹತೆಯ ಪುಟಗಳನ್ನು ಮಗುವಿನ ಕೈಲೇ ಗಟ್ಟಿಯಾಗಿ ಓದಿಸಿ. ಸಂಜೆ ಅರ್ಧ ಗಂಟೆ ಕನ್ನಡ ಕಾಪಿಯನ್ನೂ ಬರೆಸಿ.