ಪಾಲಿಗಾನ್‌ಗಳ ಆಯ್ಕೆ ಮತ್ತು ಗುಂಪು

ಕಂಪ್ಯೂಟರಿನಲ್ಲಿ ರೂಪುಗೊಂಡ ಮೂರು ಆಯಾಮದ ಮಾದರಿ ಎಷ್ಟೇ ನುಣುಪಾಗಿ ಕಂಡರೂ ಅದರ ಮೇಲ್ಮೈ ಸಣ್ಣ ಸಣ್ಣ ಪಾಲಿಗಾನ್‌ಗಳ, ಎಂದರೆ ಬಹುಭುಜಗಳ ಹೆಣಿಗೆ. ಈ ಹೆಣಿಗೆಗೆ ಮೆಶ್ ಎನ್ನುತ್ತಾರೆ. ಮೂಲೆಯ ಬಿಂದು ವರ್ಟೆಕ್ಸ್, ಎರಡು ಬಿಂದುಗಳನ್ನು ಕೂಡಿಸುವ ಗೆರೆ ಎಡ್ಜ್, ಗೆರೆಗಳ ನಡುವಿನ ತುಂಡು ಫೇಸ್. ಮಾದರಿಯ ಒಂದು ಭಾಗವನ್ನು ಎಳೆಯಲು, ಕತ್ತರಿಸಲು ಅಥವಾ ಅದಕ್ಕೆ ಬಣ್ಣ ಹಚ್ಚಲು ಮೊದಲು ಅಲ್ಲಿನ ಫೇಸ್‌ಗಳನ್ನು ಆರಿಸಿಕೊಳ್ಳಬೇಕು.

2002ರಿಂದ ಮುಕ್ತ ತಂತ್ರಾಂಶವಾಗಿರುವ ಬ್ಲೆಂಡರ್‌ನಲ್ಲಿ ಇದರ ರೀತಿ ಹೀಗೆ. ಎಡಿಟ್ ಮೋಡ್‌ಗೆ ಹೋಗಿ 1, 2, 3 ಕೀಲಿ ಒತ್ತಿದರೆ ಕ್ರಮವಾಗಿ ವರ್ಟೆಕ್ಸ್, ಎಡ್ಜ್, ಫೇಸ್ ಆಯ್ಕೆ ಸಿಗುತ್ತದೆ. ಕ್ಲಿಕ್ ಮಾಡಿದರೆ ಒಂದು ಫೇಸ್. ಶಿಫ್ಟ್ ಹಿಡಿದು ಕ್ಲಿಕ್ ಮಾಡುತ್ತ ಹೋದರೆ ಇನ್ನಷ್ಟು ಸೇರುತ್ತವೆ. ಬಿ ಕೀಲಿ ಒತ್ತಿ ಚೌಕ ಎಳೆದು ಒಟ್ಟಿಗೇ ಹಿಡಿಯಲೂಬಹುದು. ಹೊಸಬರು ಎಡವುವುದು ಇಲ್ಲೇ: ಚೌಕದೊಳಗೆ ಕಣ್ಣಿಗೆ ಕಂಡದ್ದಷ್ಟೇ ಆಯ್ಕೆಯಾಗುತ್ತದೆ, ಮಾದರಿಯ ಹಿಂಬದಿ ಹಾಗೇ ಉಳಿಯುತ್ತದೆ. ಅದೂ ಬೇಕಿದ್ದರೆ ಎಕ್ಸ್-ರೇ ನೋಟ ಹಾಕಿಕೊಳ್ಳಬೇಕು.

ಆಯ್ಕೆಯ ನಿಜವಾದ ಬಲ ಇರುವುದು ಮೆಶ್‌ನ ಕಟ್ಟಣೆಯಲ್ಲಿ. ಫೇಸ್ ಆಯ್ಕೆಯಲ್ಲಿದ್ದಾಗ ಆಲ್ಟ್ ಹಿಡಿದು ಎರಡು ಫೇಸ್‌ಗಳ ನಡುವಿನ ಎಡ್ಜ್ ಮೇಲೆ ಕ್ಲಿಕ್ ಮಾಡಿದರೆ ಒಂದು ಇಡೀ ಸುತ್ತು, ಎಂದರೆ ಲೂಪ್, ಆಯ್ಕೆಯಾಗುತ್ತದೆ. ತಂತ್ರಾಂಶ ಒಂದು ಎಡ್ಜ್‌ನಿಂದ ಫೇಸ್ ದಾಟಿ ಎದುರಿನ ಎಡ್ಜ್‌ಗೆ, ಅಲ್ಲಿಂದ ಮುಂದಿನ ಫೇಸ್‌ಗೆ ಸಾಗುತ್ತದೆ. ನಾಲ್ಕು ಮೂಲೆಯ ಫೇಸ್‌ನಲ್ಲಿ ಎದುರಿನ ಎಡ್ಜ್ ಯಾವುದೆಂಬುದು ಸ್ಪಷ್ಟ. ತ್ರಿಕೋನದಲ್ಲಿ ಎದುರು ಎಂಬುದೇ ಇಲ್ಲ. ಸುತ್ತು ಅಲ್ಲಿಗೆ ನಿಲ್ಲುತ್ತದೆ. ಮನುಷ್ಯನ ಮುಖ ರೂಪಿಸುವಾಗ ಕಣ್ಣು, ಬಾಯಿಗಳ ಸುತ್ತ ಚತುರ್ಭುಜಗಳನ್ನೇ ಉಂಗುರ ಉಂಗುರವಾಗಿ ಜೋಡಿಸುವುದಕ್ಕೆ ಇದೂ ಒಂದು ಕಾರಣ. ಆರಿಸಲು ಕಷ್ಟವಾಗುವ ಮೆಶ್‌ನ ಜೋಡಣೆಯಲ್ಲೇ ಸಾಮಾನ್ಯವಾಗಿ ದೋಷವಿರುತ್ತದೆ. ಇನ್ನುಳಿದಂತೆ, ಒಂದಕ್ಕೊಂದು ಅಂಟಿದ ಅಷ್ಟನ್ನೂ ಎಲ್ ಕೀಲಿ ಹಿಡಿಯುತ್ತದೆ. ವಿಸ್ತೀರ್ಣ, ದಿಕ್ಕು ಅಥವಾ ಮಟೀರಿಯಲ್ (ಮೇಲ್ಮೈಗೆ ಕೊಡುವ ಬಣ್ಣ, ಹೊಳಪು) ಹೋಲುವ ಫೇಸ್‌ಗಳನ್ನು ಹುಡುಕುವ ಆಜ್ಞೆಯೂ ಇದೆ.

ಇಷ್ಟು ಜತನದಿಂದ ಮಾಡಿದ ಆಯ್ಕೆ ಮುಂದಿನ ಕ್ಲಿಕ್‌ಗೆ ಅಳಿಸಿಹೋಗುತ್ತದೆ. ಮತ್ತೆ ಬೇಕಾಗುವುದನ್ನು ಹೆಸರಿಟ್ಟು ಉಳಿಸುವುದೇ ಗುಂಪು. ಮಾಯಾ, 3ಡಿಎಸ್ ಮ್ಯಾಕ್ಸ್ ಎಂಬ ಇಂಥವೇ ತಂತ್ರಾಂಶಗಳಲ್ಲಿ ಇದಕ್ಕೆ ಸೆಲೆಕ್ಷನ್ ಸೆಟ್‌ಗಳಿವೆ. ಬ್ಲೆಂಡರ್‌ನಲ್ಲಿ ಹೆಚ್ಚಾಗಿ ಬಳಸುವುದು ವರ್ಟೆಕ್ಸ್ ಗ್ರೂಪ್. ಇದು ನೆನಪಿಡುವುದು ಬಿಂದುಗಳನ್ನು, ಫೇಸ್‌ಗಳನ್ನಲ್ಲ. ಫೇಸ್‌ಗಳ ಎರಡು ಪಟ್ಟಿಗಳನ್ನು ಆರಿಸಿ, ನಡುವಿನ ಒಂದು ಸಾಲನ್ನು ಬಿಟ್ಟು ಗುಂಪು ಮಾಡಿದೆವು ಎನ್ನಿ. ಬಿಟ್ಟ ಸಾಲಿನ ಮೂಲೆಗಳೆಲ್ಲ ಅಕ್ಕಪಕ್ಕದ ಪಟ್ಟಿಗಳಿಗೂ ಸೇರಿದವು. ಗುಂಪನ್ನು ಮತ್ತೆ ಕರೆದಾಗ ಆ ಸಾಲೂ ಆಯ್ಕೆಯಾಗಿ ಬಂದುಬಿಡುತ್ತದೆ! ಫೇಸ್‌ಗಳೇ ಖಚಿತವಾಗಿ ಬೇಕಿದ್ದರೆ ಅವಕ್ಕೆ ಬೇರೆ ಮಟೀರಿಯಲ್ ಕೊಟ್ಟು, ಅದರ ಮೂಲಕ ಆರಿಸುವುದು ಮೇಲು. ಆದರೆ ಒಂದು ಫೇಸ್‌ಗೆ ಒಂದೇ ಮಟೀರಿಯಲ್. ವರ್ಟೆಕ್ಸ್ ಮಾತ್ರ ಎಷ್ಟು ಗುಂಪುಗಳಲ್ಲಾದರೂ, ಪ್ರತಿಯೊಂದರಲ್ಲಿ 0ಯಿಂದ 1ರವರೆಗಿನ ಬೇರೆ ಬೇರೆ ತೂಕದೊಡನೆ ಇರಬಲ್ಲದು. ಪಾತ್ರಗಳ ಕೈಕಾಲು ಮೂಳೆಯೊಡನೆ ಬಾಗುವುದು ಈ ತೂಕದ ಲೆಕ್ಕದಲ್ಲೇ.

ಹೆಸರಿನಲ್ಲಿ ಗ್ರೂಪ್ ಇದ್ದರೂ 3ಡಿಎಸ್ ಮ್ಯಾಕ್ಸ್‌ನ 32 ಸ್ಮೂತಿಂಗ್ ಗ್ರೂಪ್‌ಗಳ ಉದ್ದೇಶ ಬೇರೆ: ಒಂದೇ ಗುಂಪಿನ ನೆರೆಯ ಫೇಸ್‌ಗಳ ನಡುವಿನ ಎಡ್ಜ್ ನುಣುಪಾಗಿ ಕಾಣುತ್ತದೆ.

ಬ್ಲೆಂಡರ್‌ನಲ್ಲಿ ಪಿ ಕೀಲಿಯಿಂದ ಆರಿಸಿದ ಭಾಗವನ್ನು ಪ್ರತ್ಯೇಕ ವಸ್ತುವಾಗಿಸುವುದು ಗುಂಪು ಮಾಡಿದಂತಲ್ಲ. ಗಡಿಯ ಬಿಂದುಗಳು ಎರಡೆರಡಾಗುತ್ತವೆ. ವಸ್ತುಗಳನ್ನು ಮತ್ತೆ ಒಂದುಗೂಡಿಸಿದರೂ ಬಿಂದುಗಳನ್ನು ಬೆಸೆಯುವವರೆಗೆ ಮೆಶ್ ಅಲ್ಲಿ ಬಿಚ್ಚಿಯೇ ಇರುತ್ತದೆ.